ಬೇಸಿಲ್‌ಗೆ ಕತ್ತರಿ ಹಾಕಲು ಹೆದರಬೇಡಿ

ಕೈತೋಟ: ಓದುಗರ ಪ್ರಶ್ನೆ, ವಿಜಯಪುರದ ತಾರಸಿಯಿಂದ ಉತ್ತರ

ಹೋದ ಸಂಚಿಕೆಯಲ್ಲಿ ಪುದೀನಾ ಬಗ್ಗೆ ಬರೆಯುವಾಗ ಬೇಸಿಲ್ ಬಗ್ಗೆಯೂ ಒಂದು ಸಾಲು ಸೇರಿಸಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ! ನಿಪ್ಪಾಣಿಯಿಂದ ಇಂಡಿವರೆಗೆ ಎಲ್ಲರ ಮನೆಯಲ್ಲೂ ಒಂದು ಕುಂಡ ಇದೆ, ಎಲ್ಲರ ಕುಂಡಕ್ಕೂ ಒಂದು ತಕರಾರು ಇದೆ. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿದ್ದೇನೆ. ಹೆಸರು ಹಾಕಬೇಡಿ ಅಂತ ಕೆಲವರು ಬರೆದಿದ್ದರು. ಹಾಗಾಗಿ ಎಲ್ಲರದೂ ಊರಷ್ಟೇ.

ಇಳಕಲ್: ಅಕ್ಕಾರ, ಮಗಳು ಪುಣೆಯಿಂದ ಬರುವಾಗ ಬೇಸಿಲ್ ಅಗಿ ತಂದು ಹಚ್ಚಿದ್ದಾಳೆ. ನಾನು ಎಲೆ ಹರಿಯಲು ಹೋದರೆ ನಮ್ಮ ಅತ್ತೆಯವರು "ಅದು ತುಳಸಿ ಜಾತಿ, ಸುಮ್ಮಸುಮ್ಮನೆ ಕೈ ಹಚ್ಚಬಾರದು" ಅಂತಾರೆ. ಇದು ತುಳಸಿಯೇ? ಹಾಗಿದ್ದರೆ ಕಟ್ಟೆಯ ತುಳಸಿಯನ್ನೇ ಅಡುಗೆಗೆ ಹಾಕಬಹುದಲ್ವಾ?

ಅತ್ತೆಯವರ ಮಾತು ಅರ್ಧ ಖರೆ. ತುಳಸಿ, ಬೇಸಿಲ್ ಎರಡೂ ಆಸಿಮಮ್ ಅನ್ನುವ ಒಂದೇ ಕುಲದವು. ಆದರೆ ಜಾತಿ ಬೇರೆ. ಬೇಸಿಲ್ ಅಂದರೆ ನಮ್ಮ ಹಳಬರಿಗೆ ಗೊತ್ತಿದ್ದ ಕಾಮಕಸ್ತೂರಿಯೇ. ಅದರಲ್ಲೇ ಅಗಲ ಎಲೆಯ, ಮೆತ್ತಗಿನ ಇಟಲಿ ತಳಿ ನಿಮ್ಮ ಮಗಳು ತಂದಿರುವುದು. ಎರಡೂ ಗಿಡದ ಒಂದೊಂದು ಎಲೆ ತಂದು ಅತ್ತೆಯವರ ಕೈಯಲ್ಲೇ ತಿಕ್ಕಿಸಿ ನೋಡಿ. ತುಳಸಿ ಲವಂಗದ ಕಡೆ ಹೋಗುತ್ತದೆ. ಲವಂಗದಲ್ಲಿರುವ ಯೂಜೆನಾಲ್ ಅದರಲ್ಲೂ ಇದೆ. ಬೇಸಿಲ್ ವಾಸನೆ ಸಿಹಿ, ಸ್ವಲ್ಪ ಹೂವಿನ ಹಾಗೆ. ತುಳಸಿ ಹಾಕಿ ಪಾಸ್ತಾ ಮಾಡಿದರೆ ಯಾರೂ ಸಾಯುವುದಿಲ್ಲ, ಆದರೆ ಕಷಾಯ ತಿಂದ ಹಾಗಿರುತ್ತದೆ. ಕಟ್ಟೆಯ ತುಳಸಿ ಕಟ್ಟೆಯಲ್ಲೇ ಇರಲಿ.

ಆದರೂ ನಿಮ್ಮ ಪತ್ರ ಓದಿ ನನಗೆ ಒಂದು ವಿಷಯ ಹೊಳೆಯಿತು. ನಮ್ಮ ಕಡೆ ಹೆಣ್ಣುಮಕ್ಕಳ ಕೈ ತುಳಸಿಯ ಜೊತೆ ಬೆಳೆದ ಕೈ. ಕೇಳಿಕೊಂಡು, ನಮಸ್ಕಾರ ಮಾಡಿ, ಒಂದೊಂದೇ ದಳ ಬಿಡಿಸಿ ಗೊತ್ತು. ಬೇಸಿಲ್‌ಗೂ ಅದೇ ಮರ್ಯಾದೆ ಕೊಡುತ್ತೇವೆ. ಅಲ್ಲೇ ಎಡವಟ್ಟು. ತುಳಸಿ ಕಟ್ಟಿಗೆಯಾಗಿ ವರ್ಷಗಟ್ಟಲೆ ನಿಲ್ಲುವ ಗಿಡ. ಬೇಸಿಲ್ ಹಾಗಲ್ಲ. ಬಿಟ್ಟರೆ ಕೆಲವೇ ತಿಂಗಳಲ್ಲಿ ಹೂ ಬಿಟ್ಟು, ಬೀಜ ಕಟ್ಟಿ, ಒಣಗಿ ಹೋಗುತ್ತದೆ. ಕತ್ತರಿಸುತ್ತಾ ಇದ್ದರೇ ಅದು ಹೆಚ್ಚು ದಿನ ಇರುವುದು. ಇದನ್ನು ಅತ್ತೆಯವರಿಗೆ ಓದಿ ಹೇಳಿ. ಮುಂದಿನ ಉತ್ತರವನ್ನೂ ಓದಿ ಹೇಳಿ.

ನಿಪ್ಪಾಣಿ: ನಮ್ಮ ಬೇಸಿಲ್ ಎರಡು ಅಡಿ ಎತ್ತರ ಹೋಗಿ ಬಡಕಲಾಗಿ ನಿಂತಿದೆ. ತುದಿಗೆಲ್ಲ ಕದಿರು. ಹೊಸ ಎಲೆ ಸಣ್ಣ, ತಿಂದರೆ ಕಹಿ. ನಾನು ಗಿಡಕ್ಕೆ ನೋವಾಗಬಾರದು ಅಂತ ಕೆಳಗಿನ ದೊಡ್ಡ ಎಲೆ ಎರಡೆರಡೇ ಹರಿಯುತ್ತೇನೆ. ಆದರೂ ಹೀಗೇಕೆ?

ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ದೂರು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ಇಟ್ಟುಕೊಳ್ಳಬೇಕಾದ್ದನ್ನು ಹರಿಯುತ್ತಿದ್ದೀರಿ, ಹರಿಯಬೇಕಾದ್ದನ್ನು ಇಟ್ಟುಕೊಂಡಿದ್ದೀರಿ. ಕೆಳಗಿನ ದೊಡ್ಡ ಎಲೆಗಳೇ ಮನೆಯಲ್ಲಿ ದುಡಿದು ಹಾಕುವವರು. ಬಿಸಿಲು ಹಿಡಿದು ಇಡೀ ಗಿಡಕ್ಕೆ ಊಟ ಮಾಡಿಸುವುದು ಅವೇ. ಅವನ್ನು ತೆಗೆದರೆ ಗಿಡ ಸೊರಗುತ್ತದೆ. ತೆಗೆಯಬೇಕಾದ್ದು ತುದಿ.

ಕನ್ನಡಕ ಹಾಕಿಕೊಂಡು ಗಿಡದ ಹತ್ತಿರ ಕೂತು ನೋಡಿ. ಕಾಂಡ ದುಂಡಗಿಲ್ಲ, ನಾಲ್ಕು ಮೂಲೆ ಇದೆ. ಎರಡು ಬೆರಳಲ್ಲಿ ಹೊರಳಿಸಿದರೆ ಗೊತ್ತಾಗುತ್ತದೆ. ಎಲೆ ಜೋಡಿ ಜೋಡಿಯಾಗಿ ಎದುರುಬದುರು ಬಂದಿರುತ್ತವೆ. ಒಂದು ಜೋಡಿ ಪೂರ್ವ ಪಶ್ಚಿಮ ನೋಡಿದರೆ ಅದರ ಮೇಲಿನದು ಉತ್ತರ ದಕ್ಷಿಣ. ಈಗ ಎಲೆಯ ತೊಟ್ಟು ಕಾಂಡಕ್ಕೆ ಕೂಡುವ ಸಂದಿ ನೋಡಿ. ಅಲ್ಲಿ ಜೋಳದ ಕಾಳಿನಷ್ಟೂ ಇಲ್ಲದ ಒಂದು ಹಸಿರು ಮೊಗ್ಗು ಕೂತಿರುತ್ತದೆ. ಅದು ಮುಂದೆ ಟೊಂಗೆ ಆಗುವುದು. ಆದರೆ ತುದಿಯ ಕುಡಿ ಇರುವ ತನಕ ಅದು ಜಾಸ್ತಿ ಏಳುವುದಿಲ್ಲ. ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಅನ್ನುವ ಚೋದಕ ಕೆಳಗಿಳಿದು ಈ ಮೊಗ್ಗನ್ನು ತಡೆದಿರುತ್ತದೆ. ಕುಡಿ ಹೋದರೆ ತಡೆ ಹೋಯಿತು. ಎರಡೂ ಸಂದಿಯ ಮೊಗ್ಗು ಎದ್ದು ಒಂದು ಟೊಂಗೆ ಇದ್ದಲ್ಲಿ ಎರಡಾಗುತ್ತವೆ. ಆ ಎರಡರ ತುದಿಯನ್ನೂ ಚಿವುಟಿದರೆ ನಾಲ್ಕು. ಪೊದೆ ಆಗುವುದು ಹೀಗೆ.

ಮೊದಲ ಸಲ ಚಿವುಟುವುದು ಗಿಡ ಗೇಣುದ್ದ ಆದಾಗ, ನಾಲ್ಕು ಜೋಡಿ ಎಲೆ ಬಂದಾಗ. ಕೆಳಗಿನಿಂದ ಎರಡನೇ ಜೋಡಿಯ ಸ್ವಲ್ಪ ಮೇಲೆ, ಆ ಮೊಗ್ಗಿಗೆ ತಾಗದ ಹಾಗೆ ಕತ್ತರಿಸಿ. ಎಳೆ ಕಾಂಡವಾದರೆ ಉಗುರು ಸಾಕು. ಹಸಿಮೆಣಸಿನ ತೊಟ್ಟು ತೆಗೆಯುವ ಸಣ್ಣ ಕತ್ತರಿಯೂ ಆದೀತು. ಆಮೇಲೆ ಎರಡು ಮೂರು ವಾರಕ್ಕೊಮ್ಮೆ ಇದೇ ಕೆಲಸ. ಒಂದು ಸಲಕ್ಕೆ ಗಿಡದ ಮೂರನೇ ಒಂದು ಪಾಲಿಗಿಂತ ಜಾಸ್ತಿ ತೆಗೆಯಬೇಡಿ. ಅಡುಗೆಗೆ ಬೇಕಿಲ್ಲದಿದ್ದರೂ ಚಿವುಟಿ, ಪಕ್ಕದ ಮನೆಗೆ ಕೊಡಿ.

ನಿಮ್ಮ ಈಗಿನ ಗಿಡಕ್ಕೆ ಇನ್ನೂ ದಾರಿ ಇದೆ. ಕದಿರನ್ನು ಬರೀ ಹೂವಿನ ಹತ್ತಿರ ಮುರಿಯಬೇಡಿ, ಅದರ ಕೆಳಗಿನ ಎರಡು ಜೋಡಿ ಎಲೆ ಸಮೇತ ತೆಗೆಯಿರಿ. ಇವತ್ತು ಅರ್ಧ ಟೊಂಗೆ, ಚಿಗುರು ಕಂಡ ಮೇಲೆ ಉಳಿದರ್ಧ. ಆದರೆ ಬುಡದ ಕಂದು ಬಣ್ಣದ, ಎಲೆಯೇ ಇಲ್ಲದ ಕಟ್ಟಿಗೆವರೆಗೆ ಇಳಿಯಬೇಡಿ. ಅಲ್ಲಿಂದ ಚಿಗುರುವುದು ಕಷ್ಟ. ಪ್ರತಿ ಟೊಂಗೆಯಲ್ಲೂ ಹಸಿರು ಎಲೆ ಉಳಿದಿರಲಿ. ಬುಡಕ್ಕೆ ಒಂದು ಹಿಡಿ ಎರೆಹುಳು ಗೊಬ್ಬರ ಹಾಕಿ ನೀರು ಬಿಡಿ. ತೆಗೆದ ಕದಿರು ಎಸೆಯಬೇಕಿಲ್ಲ. ಹೂ ತಿನ್ನಬಹುದು, ನಮ್ಮಲ್ಲಿ ಮಸಾಲೆ ಮಜ್ಜಿಗೆಗೆ ಹಾಕುತ್ತೇವೆ.

ಕತ್ತರಿಸುವ ಹೊತ್ತು ಬೆಳಗ್ಗೆ. ಇಬ್ಬನಿ ಆರಿರಬೇಕು, ಬಿಸಿಲು ಏರಿರಬಾರದು. ಮಧ್ಯಾಹ್ನ ಕಿತ್ತ ಎಲೆ ಅಡುಗೆಮನೆಗೆ ಬರುವುದರೊಳಗೆ ಜೋತು ಬೀಳುತ್ತದೆ.

ಬಾಗಲಕೋಟೆ, ನವನಗರ: ಬೀಜ ಮೊಳಕೆ ಬರುತ್ತವೆ, ಒಂದು ವಾರ ಚೆಂದ ಇರುತ್ತವೆ. ಆಮೇಲೆ ಬುಡ ಸಣ್ಣಗಾಗಿ ಅಡ್ಡ ಬಿದ್ದು ಸಾಯುತ್ತವೆ. ಹೊಲದಿಂದ ತಂದ ಒಳ್ಳೆ ಎರಿ ಮಣ್ಣು ಹಾಕಿದ್ದೇನೆ. ಬಿತ್ತುವ ಮೊದಲು ಬೀಜ ರಾತ್ರಿಯೆಲ್ಲ ನೆನೆಸುತ್ತೇನೆ.

ಎರಿ ಮಣ್ಣು ಜೋಳಕ್ಕೆ, ಕಡಲೆಗೆ ಬಂಗಾರ. ಕುಂಡದೊಳಗೆ ಮಾತ್ರ ಬೇಡ. ನೀರು ಹಿಡಿದುಕೊಂಡು ಕೂರುತ್ತದೆ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ನಿಮ್ಮ ಸಸಿಗೆ ಬಂದಿರುವುದು ಬುಡ ಕೊಳೆ. ಹಸಿ ಮಣ್ಣು, ದಟ್ಟ ಬಿತ್ತನೆ, ಗಾಳಿ ಇಲ್ಲದ ಜಾಗ ಮೂರೂ ಕೂಡಿದರೆ ಮಣ್ಣಿನಲ್ಲಿರುವ ಶಿಲೀಂಧ್ರಕ್ಕೆ ಹಬ್ಬ.

ಎರಡು ಪಾಲು ಮಸಾರಿ ಮಣ್ಣು (ಕೆಂಪು ಮಣ್ಣು), ಒಂದು ಪಾಲು ಪೂರ್ತಿ ಕಳಿತ ತಿಪ್ಪೆ ಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕೂಡಿಸಿ. ಗೊಬ್ಬರ ಮೂಸಿದರೆ ಮಳೆ ಬಿದ್ದ ನೆಲದ ವಾಸನೆ ಬರಬೇಕು, ದನದ ಕೊಟ್ಟಿಗೆಯ ವಾಸನೆ ಬರಬಾರದು. ಕುಂಡ ಒಂದು ಗೇಣಾದರೂ ಆಳ ಇರಲಿ, ತಳದಲ್ಲಿ ತೂತು ಇರಲೇಬೇಕು.

ಬೀಜ ನೆನೆಸಬೇಡಿ. ನೀರು ತಾಗಿದ ತಕ್ಷಣ ಇದರ ಬೀಜದ ಸುತ್ತ ಲೋಳೆ ಕಟ್ಟುತ್ತದೆ, ಒಂದಕ್ಕೊಂದು ಅಂಟಿ ಮುದ್ದೆ ಆಗುತ್ತದೆ. ಅದನ್ನು ಬಿಡಿಬಿಡಿಯಾಗಿ ಬಿತ್ತಲು ಯಾರಿಂದಲೂ ಆಗುವುದಿಲ್ಲ. ಒಣ ಬೀಜವನ್ನೇ ಒಂದು ಚಿಟಿಕೆ ಮರಳಲ್ಲಿ ಕಲಸಿ ಉದುರಿಸಿ. ಮೇಲೆ ಅರ್ಧ ಸೆಂಟಿಮೀಟರ್ ಮಣ್ಣು ಸಾಕು. ಮೇಲಿನಿಂದ ತಂಬಿಗೆಯಲ್ಲಿ ಸುರಿಯದೆ ಕುಂಡವನ್ನು ನೀರಿದ್ದ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಇಡಿ. ಮಣ್ಣು ಕೆಳಗಿನಿಂದ ಹೀರಿಕೊಳ್ಳುತ್ತದೆ. ಮೇಲ್ಮೈ ಒದ್ದೆ ಆದ ಮೇಲೆ ತಟ್ಟೆ ತೆಗೆದುಬಿಡಿ. ಬೆಚ್ಚಗಿನ ಹವೆಯಲ್ಲಿ 5ರಿಂದ 10 ದಿನಕ್ಕೆ ಮೊಳಕೆ. ಮೊಳಕೆ ಬಂದ ಮೇಲೆ ಬೆಳಗಿನ ಬಿಸಿಲಿಗೆ ಇಡಿ, ದಟ್ಟ ಇದ್ದಲ್ಲಿ ಕೆಲವನ್ನು ತೆಗೆಯಿರಿ. ಹತ್ತು ಇಂಚಿನ ಕುಂಡಕ್ಕೆ ಒಂದು, ಬಹಳ ಅಂದರೆ ಎರಡು ಗಿಡ.

ಯಾವಾಗ ಬಿತ್ತುವುದು ಅಂತ ಬೇರೆ ಕೆಲವರು ಕೇಳಿದ್ದಾರೆ. ವಿಜಯಪುರ, ಬಾಗಲಕೋಟೆಯವರು ಮಿರಗದ ಮಳೆ ಬಿದ್ದು ಕಾವು ಇಳಿದ ಮೇಲೆ ಒಮ್ಮೆ, ದಸರೆಯ ಆಸುಪಾಸು ಇನ್ನೊಮ್ಮೆ ಬಿತ್ತಿ. ಏಪ್ರಿಲ್, ಮೇ ತಿಂಗಳಲ್ಲಿ ಸಸಿ ಮಾಡಲು ಹೋಗಬೇಡಿ.

ನವನಗರದಲ್ಲಿದ್ದೀರಿ, ತೋಟಗಾರಿಕೆ ವಿಶ್ವವಿದ್ಯಾಲಯ ನಿಮ್ಮೂರಲ್ಲೇ ಇದೆ. ರೋಗ ಹಿಡಿದ ಗಿಡವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗಿ ಅಲ್ಲಿಯವರಿಗೆ ತೋರಿಸಬಹುದು. ಮೊಬೈಲ್ ಫೋಟೊ ನೋಡಿ ನಾನು ಹೇಳುವುದಕ್ಕಿಂತ ಅದು ಮೇಲು.

ಜಮಖಂಡಿ: ಮೇಡಂ, ಬೇಸಿಲ್ ಬೀಜದ ಸಣ್ಣ ಪಾಕೀಟಿಗೆ ಕೇಳಿದಷ್ಟು ರೇಟು. ಕಿರಾಣಿ ಅಂಗಡಿಯ ಸಬ್ಜಾ ಬೀಜ ಬಿತ್ತಿದರೆ ನಡೆಯುತ್ತದೆಯೇ?

ನಡೆಯುತ್ತದೆ. ಶರಬತ್ತಿಗೆ, ಫಾಲೂದಾಕ್ಕೆ ಹಾಕುವ ಸಬ್ಜಾ ಕಾಮಕಸ್ತೂರಿಯದೇ ಬೀಜ. ಹಳೆ ಸರಕಾಗಿದ್ದರೆ ಮೊಳಕೆ ಕಡಿಮೆ ಬರುತ್ತದೆ, ಅಷ್ಟೇ. ಆದರೆ ಇಟಲಿ ಬೇಸಿಲ್‌ನ ಅಗಲ, ಉಬ್ಬು ಎಲೆ ನಿರೀಕ್ಷೆ ಮಾಡಬೇಡಿ. ಎಲೆ ಸಣ್ಣ, ವಾಸನೆಯಲ್ಲಿ ಬಡೇಸೋಪು ಜಾಸ್ತಿ. ನಮ್ಮ ಮನೆಯವರಿಗೆ ಇದೇ ಇಷ್ಟ, ಊಟ ಆದ ಮೇಲೆ ಎರಡು ಎಲೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಚಹಾಕ್ಕೂ ಚೆನ್ನಾಗಿರುತ್ತದೆ. ಪಿಜ್ಜಾ ಮಾಡುವ ಮಕ್ಕಳಿದ್ದರೆ ಒಂದು ಸಲ ಪಾಕೀಟು ಕೊಳ್ಳಿ. ಆಮೇಲೆ ಮನೆಯದೇ ಬೀಜ ಆಗುತ್ತದೆ, ಕೆಳಗೆ ಬರೆದಿದ್ದೇನೆ.

ವಿಜಯಪುರ: ಕಾಕೂ, ನಾನು ಕಾಲೇಜಿನವಳು, ಬಾಡಿಗೆ ರೂಮಿನ ಗ್ಯಾಲರಿ ಪಶ್ಚಿಮಕ್ಕಿದೆ. ಮಧ್ಯಾಹ್ನ ಗಿಡ ಸತ್ತ ಹಾಗೆ ಬಾಡುತ್ತದೆ. ನಾನು ದಿನಕ್ಕೆ ಮೂರು ಸಲ ಬೋರ್ ನೀರು ಹಾಕುತ್ತೇನೆ. ಈಗ ಎಳೆ ಎಲೆ ಹಳದಿ ಆಗುತ್ತಿವೆ.

ತಂಗಿ, ಮಾರ್ಚ್ ತಿಂಗಳಿಂದ ನಮ್ಮೂರ ಪಶ್ಚಿಮದ ಗೋಡೆ ಅಂದರೆ ಹಂಚು ಕಾಸಿದ ಹಾಗೆ. ಬೇಸಿಲ್‌ಗೆ ಐದಾರು ತಾಸು ಬಿಸಿಲು ಬೇಕು, ಖರೆ. ಆದರೆ 40 ಡಿಗ್ರಿಯ ಬಿಸಿಲು ಬೇಕಿಲ್ಲ. ಮಧ್ಯಾಹ್ನ ಬಾಡಿದ್ದು ಸಂಜೆ ತಾನೇ ಎದ್ದು ನಿಂತರೆ ಗಾಬರಿ ಬೇಡ. ಬೇರು ಹೀರುವುದಕ್ಕಿಂತ ಜಾಸ್ತಿ ನೀರು ಎಲೆಯಿಂದ ಆವಿ ಆಗುತ್ತಿದೆ, ಅಷ್ಟೇ. ಬಾಡಿದ್ದು ಕಂಡ ಕೂಡಲೇ ನೀರು ಸುರಿಯಬೇಡ. ಬೆರಳನ್ನು ಎರಡು ಗಂಟಿನವರೆಗೆ ಮಣ್ಣಿಗೆ ಇಳಿಸಿ ನೋಡು. ಒಳಗೆ ಒದ್ದೆ ಇದ್ದರೂ ಬೆಳಗ್ಗೆ ಎದ್ದಾಗಲೂ ಬಾಡಿಯೇ ಇದ್ದರೆ ಅದು ನೀರು ಜಾಸ್ತಿ ಆಗಿ ಬೇರು ಕೊಳೆತದ್ದು.

ಹಸಿರು ಬಲೆ ಸಿಗುತ್ತದಲ್ಲ, ಅರ್ಧ ಬಿಸಿಲು ತಡೆಯುವಂಥದ್ದು, ಅದರ ಒಂದು ತುಂಡು ಗ್ಯಾಲರಿಯ ಸರಳಿಗೆ ಕಟ್ಟು. ಹಳೆ ಕಾಟನ್ ಸೀರೆಯ ತುಂಡಾದರೂ ಸೈ. ಪ್ಲಾಸ್ಟಿಕ್ ಕುಂಡವನ್ನು ಇನ್ನೊಂದು ದೊಡ್ಡ ಕುಂಡದೊಳಗೆ ಇಳಿಸಿ, ಸಂದಿಗೆ ಮಣ್ಣು ತುಂಬು. ಬೇರಿಗೆ ಕಾವು ತಾಗುವುದಿಲ್ಲ. ಮಣ್ಣಿನ ಮೇಲೆ ಒಣ ಎಲೆ ಹೊದಿಸು. ನಾನು ಕಬ್ಬಿನ ರವದಿ ಹಾಕುತ್ತೇನೆ, ಮುಧೋಳದಿಂದ ತಮ್ಮ ಒಂದು ಚೀಲ ಕಳಿಸುತ್ತಾನೆ. ಗೋಡೆಗೆ ಒತ್ತಿ ಇಡಬೇಡ, ರಾತ್ರಿಯೂ ಆ ಗೋಡೆ ಕಾವು ಬಿಡುತ್ತಾ ಇರುತ್ತದೆ.

ಎಳೆ ಎಲೆ ಹಳದಿ, ನರ ಮಾತ್ರ ಹಸಿರು ಅಂದರೆ ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇದ್ದರೂ ಸವಳು ನೀರಿನ ಸುಣ್ಣದಿಂದ ಗಿಡಕ್ಕೆ ಸಿಗುವುದಿಲ್ಲ. ಕುಂಡದ ಅಂಚಿಗೆ ಬಿಳಿ ಪದರು ಕಟ್ಟಿದೆಯಾ ನೋಡು. ಕಟ್ಟಿದ್ದರೆ ಬೋರ್ ನೀರಿನದೇ ಕೆಲಸ. ನಳಕ್ಕೆ ಕೃಷ್ಣೆಯ ನೀರು ಬಂದ ದಿನ ಎರಡು ಕೊಡ ತುಂಬಿಟ್ಟುಕೊಂಡು ಗಿಡಕ್ಕೆ ಅದನ್ನೇ ಹಾಕು. ತಿಂಗಳಿಗೊಮ್ಮೆ ತಳದಿಂದ ಚೆನ್ನಾಗಿ ಹರಿದುಹೋಗುವಷ್ಟು ಹಾಕಿದರೆ ಕೂಡಿದ ಉಪ್ಪು ತೊಳೆದು ಹೋಗುತ್ತದೆ. ಮಳೆಗಾಲದಲ್ಲಿ ಬಕೀಟು ಹೊರಗಿಡು, ಅದಕ್ಕಿಂತ ಒಳ್ಳೆ ನೀರು ಇಲ್ಲ.

ಬೆಳಗಾವಿ: ನಮ್ಮ ಕಡೆ ಬಿಸಿಲಿನ ಕಾಟ ಇಲ್ಲ, ಮಳೆಯ ಕಾಟ. ಜುಲೈನಲ್ಲಿ ಎಲೆಯ ಮೇಲೆ ಹಳದಿ ಪಟ್ಟೆ ಬಂತು. ಗೊಬ್ಬರ ಸಾಲದೇನೋ ಅಂತ ಹಾಕಿದೆವು. ಈಗ ಎಲೆಯ ಅಡಿಯಲ್ಲಿ ಬೂದು ಧೂಳು ಬಂದಿದೆ.

ಅದು ಧೂಳಲ್ಲ, ಡೌನಿ ಮಿಲ್ಡ್ಯೂ ರೋಗದ ಬೀಜಕಣ. ಮೇಲೆ ನರಗಳ ನಡುವೆ ಹಳದಿ, ಅಡಿಯಲ್ಲಿ ಬೂದು ಬೂಷ್ಟು. ಹೊಟ್ಟೆಗಿಲ್ಲದೆ ಹಳದಿ ಆದ ಗಿಡ ಅಂತ ಎಲ್ಲರೂ ಮೊದಲು ತಿಳಿಯುತ್ತಾರೆ. ಎಲೆ ರಾತ್ರಿಯೆಲ್ಲ ಒದ್ದೆ ಇದ್ದರೆ, ಗಾಳಿ ಆಡದಿದ್ದರೆ ಇದು ಓಡುತ್ತದೆ. ಜಾಸ್ತಿ ಹಿಡಿದ ಗಿಡ ಕಿತ್ತು ಚೀಲಕ್ಕೆ ಹಾಕಿ ಕಸದ ಗಾಡಿಗೆ ಕೊಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಚೆನ್ನಾಗಿರುವ ಟೊಂಗೆ ಇದ್ದರೆ ಇವತ್ತೇ ಕತ್ತರಿಸಿ ಅಡುಗೆಗೆ ಬಳಸಿ. ಕಾದರೆ ಅದೂ ಹೋಗುತ್ತದೆ.

ನಿಮ್ಮೂರಿನ ಜೂನ್, ಜುಲೈ, ಆಗಸ್ಟ್ ಬೇಸಿಲ್‌ನ ತಿಂಗಳಲ್ಲ. ಬೇಕೇ ಬೇಕು ಅಂದರೆ ಮಳೆ ಬೀಳದ, ಬೆಳಕಿರುವ ಪಡಸಾಲೆಯಲ್ಲಿ ಒಂದು ಕುಂಡ ಇಡಿ, ನೀರನ್ನು ಬುಡಕ್ಕೆ ಮಾತ್ರ, ಅದೂ ಬೆಳಗ್ಗೆ ಹಾಕಿ. ಇಲ್ಲದಿದ್ದರೆ ಗಣಪತಿ ಹಬ್ಬ ಮುಗಿದು ಮಳೆ ತಗ್ಗಿದ ಮೇಲೆ ಹೊಸದಾಗಿ ಬಿತ್ತಿ, ಬೇಸಿಗೆವರೆಗೆ ಆರಾಮಾಗಿ ಕೊಯ್ಯಬಹುದು. ನಾವು ಇಲ್ಲಿ ಬಲೆ ಕಟ್ಟಿಕೊಂಡು ಒದ್ದಾಡುವ ಮಾರ್ಚ್ ತಿಂಗಳಲ್ಲಿ ನಿಮ್ಮ ಗಿಡ ನಗುತ್ತಾ ಇರುತ್ತದೆ. ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ.

ಅಥಣಿ: ಕೊತ್ತಂಬರಿ ಇಟ್ಟ ಹಾಗೇ ಬೇಸಿಲ್ ಫ್ರಿಜ್ಜಿನಲ್ಲಿ ಇಟ್ಟೆ. ಮರುದಿನ ಎಲ್ಲ ಕಪ್ಪು. ಜಾಸ್ತಿ ಎಲೆ ಬಂದಾಗ ಏನು ಮಾಡಬೇಕು?

ಕೊತ್ತಂಬರಿ ಚಳಿ ತಡೆಯುತ್ತದೆ, ಇದು ತಡೆಯುವುದಿಲ್ಲ. 10 ಡಿಗ್ರಿಗಿಂತ ಕೆಳಗೆ ಎಲೆಯ ಒಳಗೇ ಕೆಟ್ಟು ಕಪ್ಪಾಗುತ್ತದೆ. ಡಿಸೆಂಬರಿನ ಗಡಗಡ ಚಳಿಯ ರಾತ್ರಿಗಳಲ್ಲಿ ಹೊರಗಿನ ಗಿಡಕ್ಕೂ ಹೀಗೆ ಕಪ್ಪು ಕಲೆ ಬೀಳುವುದುಂಟು. ಟೊಂಗೆ ಸಮೇತ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಲೋಟದ ನೀರಲ್ಲಿ ಅಡುಗೆಮನೆಯ ನೆರಳಿಗೆ ಇಡಿ. ನೀರು ದಿನಾ ಬದಲಾಯಿಸಿದರೆ ಹಲವು ದಿನ ಬಾಳುತ್ತದೆ. ಒಣಗಿಸಬಹುದು, ಆದರೆ ಒಣಗಿದ ಮೇಲೆ ಅರ್ಧ ವಾಸನೆ ಗಾಳಿಗೆ ಹೋಗಿರುತ್ತದೆ, ನನಗಂತೂ ಹಿಡಿಸುವುದಿಲ್ಲ. ಅದಕ್ಕಿಂತ ಎಲೆ ಕತ್ತರಿಸಿ ಐಸ್ ಟ್ರೇಯಲ್ಲಿ ಎಣ್ಣೆ ಹಾಕಿ ಗಟ್ಟಿ ಮಾಡಿಡಿ. ಬೇಕಾದಾಗ ಒಂದು ತುಂಡು ಬಾಣಲೆಗೆ.

ಬುಟ್ಟಿಗಟ್ಟಲೆ ಬಂದರೆ ಚಟ್ನಿ. ಇಟಲಿಯ ಜಿನೋವಾದವರು ಪೈನ್ ಬೀಜ, ಬೆಳ್ಳುಳ್ಳಿ, ಚೀಸ್, ಆಲಿವ್ ಎಣ್ಣೆ ಹಾಕಿ ಪೆಸ್ಟೊ ಅರೆಯುತ್ತಾರೆ. ನಮ್ಮಲ್ಲಿ ಪೈನ್ ಬೀಜ ಎಲ್ಲಿಂದ ಬರಬೇಕು? ಹುರಿದು ಸಿಪ್ಪೆ ತೆಗೆದ ಶೇಂಗಾ ಒಂದು ಹಿಡಿ, ಎಲೆ ಎರಡು ದೊಡ್ಡ ಹಿಡಿ, ಬೆಳ್ಳುಳ್ಳಿ ಮೂರ್ನಾಲ್ಕು ಎಸಳು, ಹಸಿಮೆಣಸು ಒಂದು, ಉಪ್ಪು, ನಾಲ್ಕು ಚಮಚ ಶೇಂಗಾ ಎಣ್ಣೆ, ಕೊನೆಗೆ ಅರ್ಧ ಲಿಂಬೆ. ಮೊದಲು ಶೇಂಗಾ, ಬೆಳ್ಳುಳ್ಳಿ, ಮೆಣಸು ತರಿತರಿ ಮಾಡಿಕೊಂಡು ಆಮೇಲೆ ಎಲೆ ಹಾಕಿ. ಮಿಕ್ಸರ್ ಬಿಟ್ಟು ಬಿಟ್ಟು ತಿರುಗಿಸಿ, ಕಾವು ತಾಗಿದರೆ ಕಪ್ಪಾಗುತ್ತದೆ. ಬಿಸಿ ಜೋಳದ ರೊಟ್ಟಿಗೆ ಸವರಿ ಮೇಲೆ ಮೊಸರು ಹಾಕಿಕೊಂಡರೆ ಆ ದಿನ ಬೇರೆ ಪಲ್ಲೆ ಬೇಕಿಲ್ಲ. ಸಾರು, ಪಾಸ್ತಾ ಯಾವುದಕ್ಕಾದರೂ ಎಲೆ ಹಾಕುವುದು ಒಲೆ ಆರಿಸಿದ ಮೇಲೆ. ಕುದಿಸಿದರೆ ವಾಸನೆ ಹೋಯಿತು.

ಗೋಕಾಕ: ಒಂದೇ ಗಿಡ ಇದೆ. ಟೊಂಗೆ ಹಚ್ಚಿದರೆ ಬರುತ್ತದೆಯೇ?

ಬರುತ್ತದೆ. ಹೂ ಬಿಡದ ನಾಲ್ಕು ಬೆರಳುದ್ದದ ಕುಡಿ, ಗೆಣ್ಣಿನ ಕೆಳಗೆ ಕತ್ತರಿಸಿದ್ದು. ಕೆಳಗಿನ ಎಲೆ ತೆಗೆದು ಲೋಟದ ನೀರಲ್ಲಿಟ್ಟರೆ ಒಂದೆರಡು ವಾರಕ್ಕೆ ಬಿಳಿ ಬೇರು ಕಾಣುತ್ತದೆ. ಬೇರು ಎರಡು ಬೆರಳುದ್ದ ಆದಾಗ ಮಣ್ಣಿಗೆ ಹಚ್ಚಿ, ಕೆಲವು ದಿನ ನೆರಳಲ್ಲಿಡಿ. ಚಿವುಟಿದ ಕುಡಿಯೇ ಹೊಸ ಗಿಡ ಆಗುತ್ತದೆ. ಅಗಿಗೆ ದುಡ್ಡು ಕೊಡುವುದು ಯಾಕೆ?

ಇಂಡಿ: ಕುಡಿಯಲ್ಲಿ ಬಿಳಿ ಹತ್ತಿಯಂಥ ಹುಳ. ಲಿಂಬೆ ಗಿಡಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದೆ, ಹೊಡೆಯಲೇ?

ಬೇಡವೇ ಬೇಡ. ಇದು ಹಸಿಯಾಗಿ ತಿನ್ನುವ ಎಲೆ. ಅದು ಹಿಟ್ಟು ತಿಗಣೆ. ಹಿಡಿದ ಕುಡಿ ಕತ್ತರಿಸಿ ಸಾಬೂನು ನೀರಿಗೆ ಹಾಕಿ. ಉಳಿದದ್ದನ್ನು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಮತ್ತೆ ಬಂದರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸಾಬೂನು ಕಲಸಿ ಸಂಜೆ ಹೊಡೆಯಿರಿ. ಆಮೇಲೆ ಒಂದು ವಾರ ಎಲೆ ತಿನ್ನಬೇಡಿ, ತಿನ್ನುವಾಗ ತೊಳೆಯಿರಿ. ಗಿಡದ ಮೇಲೆ ಇರುವೆ ಸಾಲು ಕಂಡರೆ ಅದನ್ನೂ ತಡೆಯಿರಿ. ತಿಗಣೆಯ ಸಿಹಿ ರಸಕ್ಕಾಗಿ ಇರುವೆಗಳೇ ಅವನ್ನು ಕಾಯುತ್ತವೆ.

ಮುದ್ದೇಬಿಹಾಳ: ಮನೆಯಲ್ಲೇ ಬೀಜ ಮಾಡುವುದು ಹೇಗೆ?

ಇಷ್ಟು ಹೊತ್ತು ಕದಿರು ತೆಗೆಯಿರಿ ಅಂದೆ. ಒಂದು ಗಿಡಕ್ಕೆ ಮಾತ್ರ ಮಾಫಿ ಕೊಡಿ. ಚೆನ್ನಾಗಿ ಬೆಳೆದ, ತಡವಾಗಿ ಹೂ ಬಿಟ್ಟ ಗಿಡವನ್ನೇ ಆರಿಸಿ. ಬೇಗ ಹೂ ಬಿಡುವುದರ ಬೀಜ ತೆಗೆದರೆ ಅದರ ಮಕ್ಕಳಿಗೂ ಅದೇ ಅವಸರ. ಕದಿರು ಕೆಳಗಿನಿಂದ ಕಂದಾಗುತ್ತಾ ಬರುತ್ತದೆ. ಮುಕ್ಕಾಲು ಒಣಗಿದಾಗ ಕತ್ತರಿಸಿ ಕಾಗದದ ಮೇಲೆ ನೆರಳಲ್ಲಿ ಹರವಿ. ಆಮೇಲೆ ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಮೆಲ್ಲಗೆ ಕೇರಿ. ಹೂವಿನ ಬುಡದ ಒಂದೊಂದು ಒಣ ಬಟ್ಟಲಿನಲ್ಲಿ ನಾಲ್ಕು ಕರಿ ಬೀಜ. ಪೂರ್ತಿ ಒಣಗಿಸಿ ಗಾಜಿನ ಬಾಟಲಿಯಲ್ಲಿ ಇಡಿ. ಸಬ್ಜಾ ಗಿಡವೂ ಇಟಲಿ ಬೇಸಿಲ್ಲೂ ಪಕ್ಕಪಕ್ಕ ಹೂ ಬಿಟ್ಟರೆ ಜೇನು ಬೆರಕೆ ಮಾಡುತ್ತದೆ. ಶುದ್ಧ ತಳಿ ಬೇಕಿದ್ದರೆ ಒಂದರ ಹೂ ಚಿವುಟಿ.

ಉಳಿದ ಬೀಜ ಬೇಸಿಗೆಯ ಲಿಂಬು ಶರಬತ್ತಿಗೆ. ಒಂದು ಚಮಚ ಬೀಜಕ್ಕೆ ಒಂದು ಲೋಟ ನೀರು, ಕಾಲು ತಾಸು ನೆನೆಯಲಿ. ಒಣ ಬೀಜ ಬಾಯಿಗೆ ಹಾಕಿ ನುಂಗಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ. ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತದೆ.

ಮತ್ತೆ ವಿಜಯಪುರ: ಕಿಟಕಿಯಲ್ಲಿ ಬೇಸಿಲ್ ಇಟ್ಟರೆ ಸೊಳ್ಳೆ ಬರುವುದಿಲ್ಲವಂತೆ, ಖರೆಯೇನು?

ಎಲೆಯಿಂದ ಹಿಂಡಿದ ತೈಲಕ್ಕೆ ಸೊಳ್ಳೆ ಸ್ವಲ್ಪ ದೂರ ಇರುತ್ತದೆ. ಸುಮ್ನೆ ಕುಂಡ ಇಟ್ಟರೆ ಏನೂ ಆಗುವುದಿಲ್ಲ, ಕಿಟಕಿಗೆ ಜಾಳಿಗೆ ಹೊಡೆಸಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ದಿನಾ ಚೆಲ್ಲಿ. ನಿಮ್ಮ ಸೊಳ್ಳೆಗಳು ಅಲ್ಲೇ ಹುಟ್ಟುತ್ತಿರಬೇಕು.